ಸಿಲಿಕಾನ್ ಸಂತಾನ ನಿರ್ಣಯ

ನೆರೆಹೊರೆಯವರ ಜಗಳ ಕೆದಕಿದರೆ ಒಳಗೆ ಆಸ್ತಿಯ ಜಗಳ ಇರುತ್ತದೆ. ಅದನ್ನೂ ಕೆದಕಿದರೆ ಯಾರು ಯಾರ ಮಗ ಎಂಬ ತಕರಾರು. ಜಪಾನ್, ದಕ್ಷಿಣ ಕೊರಿಯ, ತೈವಾನ್ ಎಂಬ ಮೂರು ಮನೆಗಳು ಅರವತ್ತು ವರ್ಷಗಳಿಂದ ಉಕ್ಕು, ಟಿವಿ, ಮೆಮೊರಿ ಚಿಪ್, ಪರದೆ ಎಂದು ಕಿತ್ತಾಡುತ್ತಿವೆ. ಅರ್ಥಶಾಸ್ತ್ರಜ್ಞರು ಇದನ್ನು ರಫ್ತು, ಸಬ್ಸಿಡಿ, ವಿನಿಮಯ ದರಗಳ ಮೂಲಕ ವಿವರಿಸುತ್ತ ಬಂದಿದ್ದಾರೆ. ಅವರ ವಿವರಣೆಯಲ್ಲಿ ಎಲ್ಲವೂ ಇದೆ, ಹೊಟ್ಟೆಕಿಚ್ಚು ಒಂದನ್ನು ಬಿಟ್ಟು. ಇದು ದಾಯಾದಿ ಮತ್ಸರ. ಇದಕ್ಕೆ ಒಗ್ಗುವುದು ದಾಯವಿಭಾಗದ ಶಾಸ್ತ್ರವೇ.

ಪ್ರಮಾಣಗ್ರಂಥಕ್ಕಾಗಿ ದೂರ ಅಲೆಯಬೇಕಾಗಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಬಂಗಾಳದ ಕಡೆಯನ್ನು ಬಿಟ್ಟರೆ ದೇಶದ ಹೆಚ್ಚಿನ ಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯಗಳು ಶತಮಾನಗಳ ಕಾಲ ಅದರ ಆಧಾರದ ಮೇಲೇ ತೀರ್ಮಾನವಾದವು. ಆ ಸ್ಮೃತಿಯ ಪ್ರಕಾರ ಮಕ್ಕಳು ಹನ್ನೆರಡು ಬಗೆ: ಔರಸ, ಪುತ್ರಿಕಾಸುತ, ಕ್ಷೇತ್ರಜ, ಗೂಢಜ, ಕಾನೀನ, ಪೌನರ್ಭವ, ದತ್ತಕ, ಕ್ರೀತ, ಕೃತ್ರಿಮ, ಸ್ವಯಂದತ್ತ, ಸಹೋಢಜ, ಅಪವಿದ್ಧ. ಪಟ್ಟಿಯಲ್ಲಿ ಮೇಲಿನವನು ಇಲ್ಲದಿದ್ದರೆ ಅವನ ಕೆಳಗಿನವನಿಗೆ ಪಾಲು. ‘ಮಗ’ ಎಂದಿರುವ ಕಡೆಯಲ್ಲೆಲ್ಲ ‘ತಂತ್ರಜ್ಞಾನ’ ಎಂದು ಓದಿಕೊಳ್ಳಬೇಕು. ಪರಿಭಾಷಾ ಪ್ರಕರಣ ಇಲ್ಲಿಗೆ ಮುಗಿಯಿತು. ಇನ್ನು ಮುಂದೆ ಶಾಸ್ತ್ರೋಕ್ತ ಕ್ರಮವನ್ನು ನಾನು ಪಾಲಿಸುವುದಿಲ್ಲ. ಮೂರೂ ಮನೆಗಳಲ್ಲಿ ಮಕ್ಕಳು ಆ ಕ್ರಮದಲ್ಲಿ ಹುಟ್ಟಲೂ ಇಲ್ಲ.

ಔರಸನ ವಿಚಾರವನ್ನು ಮಾತ್ರ ಮೊದಲೇ ಮುಗಿಸಿಬಿಡಬಹುದು. ಸ್ವಂತ ಮನೆಯಲ್ಲಿ, ಸ್ವಂತ ಬುದ್ಧಿಗೆ, ಹೊರಗಿನವರ ಹಂಗಿಲ್ಲದೆ ಹುಟ್ಟಿದ್ದು ಔರಸ. ಬೇರು ಹಿಡಿದು ಹುಡುಕುತ್ತ ಹೋದರೆ ಮೂರೂ ಮನೆಗಳಲ್ಲಿ ಈ ಬಗೆಯ ಮಾದರಿ ಒಂದೂ ಸಿಕ್ಕುವುದಿಲ್ಲ. ಹಿರಿಯಣ್ಣನ ಗತ್ತಿನಲ್ಲಿರುವ ಜಪಾನಿನ ಸೋನಿ ಕಂಪನಿ 1950ರ ದಶಕದ ಮೊದಲಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್‌ಗೆ 25,000 ಡಾಲರ್ ಕೊಟ್ಟು ಟ್ರಾನ್ಸಿಸ್ಟರಿನ ಹಕ್ಕು ಪಡೆಯಿತು. ಆಗ ಅದಕ್ಕೆ ಸೋನಿ ಎಂಬ ಹೆಸರೂ ಇರಲಿಲ್ಲ. ಅಷ್ಟು ಡಾಲರನ್ನು ಬಿಡುಗಡೆ ಮಾಡಲು ಅಲ್ಲಿನ ವಾಣಿಜ್ಯ ಸಚಿವಾಲಯ ತಿಂಗಳುಗಟ್ಟಲೆ ಮೀನಮೇಷ ಎಣಿಸಿತು. ಕುಲ ಎತ್ತಿ ಆಡುವವರ ಮನೆಯ ಮೊದಲ ಮಗುವೇ ಹೀಗೆ ಬಂದದ್ದು ಎಂಬುದನ್ನು ಮುಂದಿನ ಪ್ರಕರಣಗಳಲ್ಲಿ ನೆನಪಿಟ್ಟುಕೊಳ್ಳಬೇಕು.

ದತ್ತಕ. ಹೆತ್ತವರೇ ಒಪ್ಪಿ, ಧಾರೆ ಎರೆದು ಕೊಟ್ಟ ಮಗ. ಕೊರಿಯದ ಪೋಸ್ಕೋ ಉಕ್ಕಿನ ಕಾರ್ಖಾನೆ ಇದಕ್ಕೆ ಪಠ್ಯದಲ್ಲಿಡಬಹುದಾದ ಉದಾಹರಣೆ. ಮೂವತ್ತೈದು ವರ್ಷ ಆಳಿ ಹೋದ ಜಪಾನ್ 1965ರಲ್ಲಿ ಕೊರಿಯದೊಂದಿಗೆ ಒಪ್ಪಂದಕ್ಕೆ ಬಂದಿತು. 30 ಕೋಟಿ ಡಾಲರನ್ನು ಹಾಗೆಯೇ ಕೊಡುವುದಾಗಿಯೂ 20 ಕೋಟಿ ಡಾಲರನ್ನು ಕಡಿಮೆ ಬಡ್ಡಿಗೆ ಸಾಲ ಕೊಡುವುದಾಗಿಯೂ ಮಾತಾಯಿತು. ಉಕ್ಕಿನ ಕಾರ್ಖಾನೆ ಬೇಕು ಎಂದು ಹೊರಟ ಕೊರಿಯಕ್ಕೆ ‘ನಿಮಗ್ಯಾಕೆ ಈ ಉಸಾಬರಿ’ ಎಂಬ ಅರ್ಥದ ವರದಿ ಬರೆದುಕೊಟ್ಟದ್ದು ವಿಶ್ವಬ್ಯಾಂಕು. ಕಡೆಗೆ ಜಪಾನಿನ ಆ ಹಣದ ಒಂದು ಪಾಲು ಪೊಹಾಂಗ್ ಕಡಲತೀರಕ್ಕೆ ಹರಿಯಿತು, ಜಪಾನಿನ ಉಕ್ಕಿನ ಕಂಪನಿಗಳೇ ವಿದ್ಯೆ ಕಲಿಸಿದವು. ಇದು ಪೂರ್ವಜರ ರಕ್ತದ ಬೆಲೆ, ಸೋತರೆ ಎಲ್ಲರೂ ಬಲಕ್ಕೆ ತಿರುಗಿ ಕೊಲ್ಲಿಗೆ ಹಾರಿಕೊಳ್ಳೋಣ ಎಂದು ಮುಖ್ಯಸ್ಥ ಪಾರ್ಕ್ ಟೇ-ಜೂನ್ ಕೆಲಸಗಾರರಿಗೆ ಹೇಳಿದರಂತೆ. ಕೊಲ್ಲಿ ಇದ್ದದ್ದು ಬಲಕ್ಕೇ. 1973ರ ಜೂನ್ 9ರಂದು ಮೊದಲ ಕಬ್ಬಿಣ ಕರಗಿ ಹರಿಯಿತು; ಯಾರೂ ಹಾರಬೇಕಾಗಲಿಲ್ಲ.

ಮುಂದಿನ ಕತೆಯನ್ನು ನಮ್ಮ ಹಳ್ಳಿಗಳಲ್ಲಿ ಒಂದೇ ಸಾಲಿನಲ್ಲಿ ಹೇಳುತ್ತಾರೆ: ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಹತ್ತು ವರ್ಷ ಕಳೆಯುವುದರೊಳಗೆ ಪೋಸ್ಕೋದ ಉಕ್ಕು ಅಗ್ಗವಾಗಿ ಜಪಾನಿಗೇ ಬಂದು ಇಳಿಯತೊಡಗಿತು. ಎಸೆದದ್ದು ತಿರುಗಿ ಬಂದು ಹೊಡೆಯುತ್ತದೆ ಎಂದು ಟೋಕಿಯೊದ ಪತ್ರಿಕೆಗಳು ಇದನ್ನು ಬೂಮರಾಂಗ್ ಎಂದು ಕರೆದವು. ಪೋಸ್ಕೋ ಎರಡನೆಯ ಕಾರ್ಖಾನೆಯನ್ನು ಗ್ವಾಂಗ್ಯಾಂಗ್‌ನಲ್ಲಿ ಕಟ್ಟಲು ಹೊರಟಾಗ ಜಪಾನಿನವರು ಕೈ ಕಟ್ಟಿ ಕೂತರು. ಕೊರಿಯದವರು ಯುರೋಪಿನಿಂದ ಯಂತ್ರ ತಂದು ಕಟ್ಟಿ ಮುಗಿಸಿದರು. ಒಬ್ಬನೇ ಮಗನಿದ್ದರೆ ದತ್ತು ಕೊಡಬಾರದು ಎಂದು ಶಾಸ್ತ್ರ ಎಚ್ಚರಿಸುತ್ತದೆ. ವಿದ್ಯೆಯ ವಿಷಯದಲ್ಲಿ ಈ ಎಚ್ಚರಿಕೆ ಕೆಲಸಕ್ಕೆ ಬಾರದು: ಕೊಟ್ಟ ಮೇಲೂ ಮಗ ಕೊಟ್ಟವನ ಮನೆಯಲ್ಲೇ ಇರುತ್ತಾನೆ, ಸ್ವಲ್ಪ ಮುದುಕನಾಗಿ.

ಗೂಢಜ ಎಂದರೆ ಮನೆಯೊಳಗೇ ಗುಟ್ಟಾಗಿ ಹುಟ್ಟಿದವನು. ತಂದೆ ಯಾರೆಂದು ಯಾರೂ ಕೇಳುವುದಿಲ್ಲ, ಕೇಳಿದರೂ ಹೇಳುವುದಿಲ್ಲ. ಆದರೆ ಒಮ್ಮೆ ಹೇಳಿದರು. ಟ್ರಾನ್ಸ್‌ಫಾರ್ಮರ್ ಒಳಗೆ ಹಾಕುವ ವಿಶೇಷ ಉಕ್ಕಿನ ಗುಟ್ಟನ್ನು ಚೀನದ ಬಾವೋಸ್ಟೀಲ್‌ಗೆ ಮಾರಿದನೆಂದು ಪೋಸ್ಕೋದ ಮಾಜಿ ನೌಕರನೊಬ್ಬ ಕೊರಿಯದಲ್ಲಿ ಸಿಕ್ಕಿಬಿದ್ದ. ಕಟಕಟೆಯಲ್ಲಿ ಅವನ ವಾದ ಏನೆಂದರೆ, ನಾನು ಮಾರಿದ್ದು ಪೋಸ್ಕೋದ ಗುಟ್ಟೇ ಅಲ್ಲ, ಅದು ಮೂಲದಲ್ಲಿ ಜಪಾನಿನ ನಿಪ್ಪಾನ್ ಸ್ಟೀಲ್‌ನದು. ಟೋಕಿಯೊದಲ್ಲಿ ಕೂತವರ ಕಿವಿ ನಿಮಿರಿತು. 2012ರಲ್ಲಿ ನಿಪ್ಪಾನ್ ಸ್ಟೀಲ್ ಪೋಸ್ಕೋದ ಮೇಲೆ ಮೊಕದ್ದಮೆ ಹೂಡಿತು, 2015ರಲ್ಲಿ 3,000 ಕೋಟಿ ಯೆನ್‌ಗೆ ರಾಜಿಯಾಯಿತು. ಮೂರು ತಲೆಮಾರಿನ ವಂಶಾವಳಿ ಒಬ್ಬ ಆರೋಪಿಯ ಬಾಯಿಂದ ಒಂದೇ ಉಸಿರಿಗೆ ಬಂದದ್ದು ಈ ಶಾಸ್ತ್ರದಲ್ಲಿ ಇದೊಂದೇ ಸಲ. ಜಪಾನಿನ ತೋಶಿಬಾದ ಮೆಮೊರಿ ಗುಟ್ಟಿನ ವಿಷಯದಲ್ಲಿ ಕೊರಿಯದ ಎಸ್‌ಕೆ ಹೈನಿಕ್ಸ್ 27.8 ಕೋಟಿ ಡಾಲರ್ ಕೊಟ್ಟು 2014ರಲ್ಲಿ ರಾಜಿ ಮಾಡಿಕೊಂಡದ್ದು ಇದೇ ವರ್ಗ. ಆದರೆ ಅದರಲ್ಲಿ ಇಷ್ಟು ಸ್ವಾರಸ್ಯವಿಲ್ಲ.

ಕೃತ್ರಿಮ. ಹಣ ತೋರಿಸಿ, ಹೊಲ ತೋರಿಸಿ, ಆಸೆ ಹುಟ್ಟಿಸಿ, ಬೆಳೆದು ನಿಂತ ಹುಡುಗನನ್ನು ತನ್ನ ಮಗನನ್ನಾಗಿ ಮಾಡಿಕೊಳ್ಳುವ ಪದ್ಧತಿ. ಒಂದೇ ಷರತ್ತು: ಅವನಿಗೆ ತಂದೆತಾಯಿ ಇರಕೂಡದು ಎನ್ನುತ್ತಾನೆ ವಿಜ್ಞಾನೇಶ್ವರ. ಕೊರಿಯದವರು ಷರತ್ತನ್ನು ಕೊಂಚ ಸಡಿಲಿಸಿದರು.

1938ರಲ್ಲಿ ದೇಗು ಊರಿನಲ್ಲಿ ಒಣಮೀನು, ಶಾವಿಗೆ ವ್ಯಾಪಾರದಿಂದ ಸ್ಯಾಮ್‌ಸಂಗ್ ಶುರುಮಾಡಿದ ಲೀ ಬ್ಯೂಂಗ್-ಚುಲ್, 1983ರ ಫೆಬ್ರವರಿಯಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಟೋಕಿಯೊದಲ್ಲಿ ಕೂತು ಮೆಮೊರಿ ಚಿಪ್ ಮಾಡುವುದಾಗಿ ನಿರ್ಧರಿಸಿದರು. ಎದುರಾಳಿಯ ಊರಲ್ಲೇ ಕೂತು ನಿರ್ಧರಿಸಿದ್ದನ್ನು ಗಮನಿಸಬೇಕು. ಕೊರಿಯದ ಗಿಹೂಂಗ್‌ನಲ್ಲಿ ಚಳಿಗಾಲವನ್ನೂ ಲೆಕ್ಕಿಸದೆ ಆರು ತಿಂಗಳಲ್ಲಿ ಕಾರ್ಖಾನೆ ಎದ್ದಿತು. ಚಿಪ್‌ನ ವಿನ್ಯಾಸ ಅಮೆರಿಕದ ಮೈಕ್ರಾನ್‌ನಿಂದ ಬಂತು, ದುಡ್ಡು ಕೊಟ್ಟು. ಆದರೆ ಕೈಚಳಕ ವಿನ್ಯಾಸದ ಹಾಳೆಯಲ್ಲಿ ಇರುವುದಿಲ್ಲ. ಯಾವ ಯಂತ್ರದಲ್ಲಿ ಯಾವ ಹೊತ್ತಿಗೆ ಏನು ಕೆಡುತ್ತದೆ ಎಂಬುದು ಮಾಡಿದವನ ತಲೆಯಲ್ಲಿರುತ್ತದೆ. ಆ ತಲೆಗಳು ಶುಕ್ರವಾರ ಸಂಜೆ ಜಪಾನಿನಲ್ಲಿ ವಿಮಾನ ಹತ್ತಿ, ಶನಿವಾರ ಭಾನುವಾರ ಕೊರಿಯದಲ್ಲಿ ಪಾಠ ಹೇಳಿ, ಸೋಮವಾರ ಬೆಳಿಗ್ಗೆ ತಮ್ಮ ತಮ್ಮ ಕಂಪನಿಗಳಲ್ಲಿ ಹಾಜರಿ ಹಾಕುತ್ತಿದ್ದವು. ವಾರಕ್ಕೆ ಐದು ದಿನ ತಂದೆತಾಯಿ ಇದ್ದು, ಎರಡು ದಿನ ತಬ್ಬಲಿಯಾಗುವ ಮಗನನ್ನು ವಿಜ್ಞಾನೇಶ್ವರ ಕಲ್ಪಿಸಿಕೊಂಡಿರಲಿಲ್ಲ.

ಹಿರಿಯಣ್ಣನಿಗೆ ಇದು ಕಾಣಲಿಲ್ಲವೇ? ಕಂಡಿತು, ಆದರೆ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. 1988ರ ಹೊತ್ತಿಗೆ ಲೋಕದ ಚಿಪ್ ಮಾರಾಟದಲ್ಲಿ ಸುಮಾರು ಅರ್ಧ ಜಪಾನಿನದು. ಅದರ ಕಣ್ಣು ಅಮೆರಿಕದ ಮೇಲಿತ್ತು, ಅಮೆರಿಕದ ಕಣ್ಣು ಅದರ ಮೇಲಿತ್ತು. 1986ರ ಒಪ್ಪಂದದಲ್ಲಿ ಅಮೆರಿಕ ಜಪಾನಿನ ಕೈ ಕಟ್ಟಿಹಾಕಿದಾಗ ಚಿಪ್‌ನ ಬೆಲೆ ಏರಿತು. ಏರಿದ ಬೆಲೆಯ ನೆರಳಿನಲ್ಲಿ ಕೊರಿಯ ಬೆಳೆಯಿತು. ಇನ್ನೊಂದು ಕಾರಣವನ್ನು ಜಪಾನಿನ ಎಂಜಿನಿಯರುಗಳೇ ಆಮೇಲೆ ಒಪ್ಪಿಕೊಂಡರು. ಅವರು ದೊಡ್ಡ ಕಂಪ್ಯೂಟರುಗಳಿಗೆಂದು ಇಪ್ಪತ್ತೈದು ವರ್ಷ ಬಾಳುವ ಚಿಪ್ ಮಾಡುತ್ತಲೇ ಇದ್ದರು; ಜನ ಐದು ವರ್ಷಕ್ಕೆ ಬಿಸಾಡುವ ಪಿಸಿ ಕೊಳ್ಳತೊಡಗಿದ್ದರು. 1992ರಲ್ಲಿ ಡಿರ್ಯಾಮ್ ಮೆಮೊರಿಯಲ್ಲಿ ಸ್ಯಾಮ್‌ಸಂಗ್ ಲೋಕಕ್ಕೇ ಮೊದಲನೆಯದಾಯಿತು. ಅಳಿದುಳಿದದ್ದನ್ನೆಲ್ಲ ಒಟ್ಟು ಹಾಕಿ ಜಪಾನ್ ಕಟ್ಟಿದ ಎಲ್ಪಿಡಾ 2012ರಲ್ಲಿ ದಿವಾಳಿ ಎದ್ದು ಮರುವರ್ಷ ಅದೇ ಮೈಕ್ರಾನ್‌ನ ಪಾಲಾಯಿತು. 2019ಕ್ಕೆ ಬಂದಾಗ ಲೋಕದ ಚಿಪ್ ಮಾರಾಟದಲ್ಲಿ ಜಪಾನಿನ ಪಾಲು ಹತ್ತರಲ್ಲಿ ಒಂದು. ಮತ್ಸರ ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುತ್ತದೆ, ಮೇಲಿನವನಿಗೆ ಅದರ ತೇವ ತಾಗುವಷ್ಟರಲ್ಲಿ ಗೋಡೆ ಬಿದ್ದಿರುತ್ತದೆ: ಇದನ್ನು ಈ ಗ್ರಂಥದ ಮೂಲಸೂತ್ರ ಎಂದು ತಿಳಿಯತಕ್ಕದ್ದು.

ಸ್ವಯಂದತ್ತ, ‘ನಾನು ನಿನ್ನ ಮಗನಾಗುತ್ತೇನೆ’ ಎಂದು ತಾನಾಗಿ ಬಂದು ನಿಲ್ಲುವವನು. ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಲಿಯಾಂಗ್ ಮೊಂಗ್-ಸಾಂಗ್ 2009ರಲ್ಲಿ ಅಲ್ಲಿಂದ ಎದ್ದು ಹೋಗಿ, ಕೊರಿಯದ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿ, 2011ರಲ್ಲಿ ಸ್ಯಾಮ್‌ಸಂಗ್ ಸೇರಿದರು. ಹಳೆಯ ಮನೆ ಕೋರ್ಟಿಗೆ ಹೋಯಿತು. 2015ರಲ್ಲಿ ತೈವಾನಿನ ಸರ್ವೋಚ್ಚ ನ್ಯಾಯಾಲಯ ಹಳೆಯ ಮನೆಯ ಪರ ತೀರ್ಪು ಕೊಟ್ಟಿತು. 2017ರಲ್ಲಿ ಅವರು ಚೀನದ ಎಸ್‌ಎಂಐಸಿಗೆ ಹೋದರು. ಒಬ್ಬನೇ ಮಗ ಮೂರು ಮನೆಗೆ ಸ್ವಯಂದತ್ತನಾಗಬಹುದೇ ಎಂಬ ಬಗ್ಗೆ ಸ್ಮೃತಿಕಾರರು ಮೌನ.

ಅಪವಿದ್ಧನ ಪಾಡು ಇದಕ್ಕಿಂತ ಕರುಣಾಜನಕ. ಹೆತ್ತವರೇ ಬೀದಿಗೆ ಬಿಟ್ಟದ್ದನ್ನು ದಾರಿಹೋಕ ಎತ್ತಿಕೊಂಡರೆ ಅದು ಅಪವಿದ್ಧ. ಇಂದು ಪ್ರತಿ ಮೊಬೈಲಿನಲ್ಲಿ ಫೋಟೊ ಕೂಡಿಡುವ ಫ್ಲಾಶ್ ಮೆಮೊರಿಯನ್ನು ಕಂಡುಹಿಡಿದದ್ದು ತೋಶಿಬಾದ ಫುಜಿಯೊ ಮಸುವೊಕ. ಮನೆಯವರಿಗೆ ಅದರ ಬೆಲೆ ತಿಳಿಯಲಿಲ್ಲ. ತೋಶಿಬಾ 1990ರ ದಶಕದ ಮೊದಲಲ್ಲಿ ಅದರ ಹಕ್ಕನ್ನು ಸ್ಯಾಮ್‌ಸಂಗ್‌ಗೂ ಕೊಟ್ಟಿತು. ಸ್ಯಾಮ್‌ಸಂಗ್ ಅದರಲ್ಲೂ ಮೊದಲನೆಯದಾಯಿತು. ಮಸುವೊಕ ತನ್ನ ಪಾಲು ಕೇಳಿ ತನ್ನ ಹಳೆಯ ಕಂಪನಿಯ ಮೇಲೇ 100 ಕೋಟಿ ಯೆನ್‌ಗೆ ದಾವೆ ಹಾಕಿದರು. 2006ರಲ್ಲಿ 8.7 ಕೋಟಿಗೆ ರಾಜಿಯಾಯಿತು.

ಕೆಲವು ವರ್ಗಗಳನ್ನು ಬೇಗ ದಾಟಬಹುದು. ಪುತ್ರಿಕಾಸುತ: ಗಂಡುಮಕ್ಕಳಿಲ್ಲದವನು ಮಗಳನ್ನು ಕೊಟ್ಟು ಮೊಮ್ಮಗನನ್ನು ತನ್ನವನೆಂದು ಕರೆದುಕೊಳ್ಳುವುದು. ತನ್ನದೇ ಚಪ್ಪಟೆ ಪರದೆ ಇಲ್ಲದ ಸೋನಿ 2004ರಲ್ಲಿ ಸ್ಯಾಮ್‌ಸಂಗ್ ಜೊತೆ ಕೂಡಿ ಕೊರಿಯದಲ್ಲಿ ಕಾರ್ಖಾನೆ ಮಾಡಿತು. ಸರಿಸಮ ಪಾಲು ಎಂದು ಹೆಸರಿಗೆ. ಲೆಕ್ಕದಲ್ಲಿ ಸ್ಯಾಮ್‌ಸಂಗ್‌ಗೆ ಒಂದೇ ಒಂದು ಷೇರು ಹೆಚ್ಚು. ಯಜಮಾನಿಕೆಗೆ ಅಷ್ಟು ಸಾಕು. ಕಾನೀನ, ಮದುವೆಗೆ ಮುಂಚೆ ಹುಟ್ಟಿ ತಾತನ ಮನೆಯಲ್ಲಿ ಬೆಳೆಯುವವನು: ತೈವಾನ್ ಸರ್ಕಾರದ ಸಂಶೋಧನಾ ಸಂಸ್ಥೆ 1976ರಲ್ಲಿ ಅಮೆರಿಕದ ಆರ್‌ಸಿಎಯಿಂದ ಬೀಜ ತಂದಿತು, ಅದರ ಮಡಿಲಿನಿಂದ 1980ರಲ್ಲಿ ಯುಎಂಸಿ, 1987ರಲ್ಲಿ ಮೋರಿಸ್ ಚಾಂಗ್ ಅವರ ಟಿಎಸ್‌ಎಂಸಿ ಬಂದವು, ತಾತ ಎಂದರೆ ಇಲ್ಲಿ ಸರ್ಕಾರ. ಸಹೋಢಜ, ವಧುವಿನ ಗರ್ಭದಲ್ಲೇ ಬರುವವನು: ಸಾಲದಲ್ಲಿ ಬೆಂದು ಬಂದಿದ್ದ ಹೈನಿಕ್ಸ್‌ಅನ್ನು ಎಸ್‌ಕೆ ಗುಂಪು 2012ರಲ್ಲಿ ಕೈಹಿಡಿಯಿತು, ಮರುವರ್ಷವೇ ಎಚ್‌ಬಿಎಂ ಮೆಮೊರಿ ಹುಟ್ಟಿತು. ನವಮಾಸದ ಲೆಕ್ಕ ಕೇಳುವವರು ಕೇಳಲಿ, ಇಂದಿನ ಎಐ ಯಂತ್ರಗಳು ಅದಿಲ್ಲದೆ ನಡೆಯವು. ಪೌನರ್ಭವ, ಮರುಮದುವೆಯ ಮಗ: ಹೊಕ್ಕೈಡೊದಲ್ಲಿ ಐಬಿಎಂ ಜೊತೆ ಸೇರಿ ಜಪಾನ್ ಕಟ್ಟುತ್ತಿರುವ ಚಿಪ್ ಕಂಪನಿ ರಾಪಿಡಸ್. ಮಗು ಇನ್ನೂ ಅಂಬೆಗಾಲಿಡುತ್ತಿದೆ. ಹಾರೈಸಿ ಮುಂದೆ ಹೋಗೋಣ.

ಕ್ಷೇತ್ರಜನ ಬಗ್ಗೆ ಮಾತ್ರ ಅವಸರ ಮಾಡುವಂತಿಲ್ಲ. ಬೀಜ ಒಬ್ಬನದು, ಹೊಲ ಇನ್ನೊಬ್ಬನದು, ಬೆಳೆ ಯಾರದು? ಸ್ಮೃತಿಕಾರರು ಇದಕ್ಕಾಗಿ ಪುಟಗಟ್ಟಲೆ ಹೊಡೆದಾಡಿದ್ದಾರೆ. 2024ರ ಫೆಬ್ರವರಿಯಲ್ಲಿ ಜಪಾನಿನ ಕುಮಾಮೊಟೊದಲ್ಲಿ ಟಿಎಸ್‌ಎಂಸಿ ತನ್ನ ಕಾರ್ಖಾನೆ ತೆರೆಯಿತು. ಎಲೆಕೋಸು, ಗಜ್ಜರಿ ಬೆಳೆಯುವ ಸೀಮೆಯಲ್ಲಿ ಹಗಲು ರಾತ್ರಿ ಕೆಲಸ ನಡೆದು ಎರಡು ವರ್ಷದೊಳಗೆ ಕಟ್ಟಡ ಎದ್ದಿತ್ತು. ಹೊಲದ ಯಜಮಾನನೇ, ಎಂದರೆ ಜಪಾನ್ ಸರ್ಕಾರವೇ, 47,600 ಕೋಟಿ ಯೆನ್‌ವರೆಗೆ ಸಹಾಯಧನ ಕೊಡಲು ಒಪ್ಪಿತು. ಒಂದು ಕಾಲಕ್ಕೆ ಶಿಷ್ಯನಾಗಿದ್ದವನನ್ನು ಕರೆದು, ದಕ್ಷಿಣೆ ಕೊಟ್ಟು, ನಮ್ಮ ಹೊಲದಲ್ಲಿ ಬಿತ್ತು ಎಂದು ಹಿರಿಯಣ್ಣ ಕೇಳಿಕೊಂಡದ್ದು ಈ ಶಾಸ್ತ್ರದ ಅತಿದೊಡ್ಡ ಘಟನೆ. ತೈವಾನ್ ಒಪ್ಪಿತು, ಆದರೆ ಅತ್ಯುತ್ತಮ ಬೀಜವನ್ನು ಮನೆಯಲ್ಲೇ ಇಟ್ಟುಕೊಂಡಿತು. ಕುಮಾಮೊಟೊದಲ್ಲಿ ತಯಾರಾಗುವುದು ಕಾರಿಗೆ, ಕ್ಯಾಮೆರಾಕ್ಕೆ ಸಾಲುವ ಹಳೆಯ ತಲೆಮಾರಿನ ಚಿಪ್‌ಗಳು.

ಪೂರ್ವಪಕ್ಷಿಯೊಬ್ಬ ಇಲ್ಲಿ ಎದ್ದು ಕೇಳುತ್ತಾನೆ: ಇಷ್ಟೆಲ್ಲ ಕಚ್ಚಾಡುವವರು ಒಂದು ದಿನವಾದರೂ ಒಟ್ಟಿಗೆ ಕೂತದ್ದಿಲ್ಲವೇ? ಕೂತಿದ್ದರು. 2001ರಿಂದ 2006ರವರೆಗೆ ತೈಪೆಯ ಹೋಟೆಲ್ ಕೋಣೆಗಳಲ್ಲಿ ಕೊರಿಯ ಮತ್ತು ತೈವಾನಿನ ಪರದೆ ಕಂಪನಿಗಳವರು ಗುಟ್ಟಾಗಿ ಸೇರುತ್ತಿದ್ದರು, ಎಲ್‌ಸಿಡಿಯ ಬೆಲೆ ಎಷ್ಟಿಡೋಣ ಎಂದು ಮಾತಾಡಿಕೊಳ್ಳಲು. ಆ ಸಭೆಗಳಿಗೆ ‘ಕ್ರಿಸ್ಟಲ್’ ಎಂದು ಹೆಸರು. ಈ ಎರಡು ಮನೆಗಳ ಸೌಹಾರ್ದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗಲಿಕ್ಕಿಲ್ಲ. ಕಡೆಗೆ ಸ್ಯಾಮ್‌ಸಂಗ್ ಹೋಗಿ ಅಧಿಕಾರಿಗಳಿಗೆ ಎಲ್ಲವನ್ನೂ ಒಪ್ಪಿಸಿತು. 2010ರಲ್ಲಿ ಯುರೋಪು ಉಳಿದವರಿಗೆ ಒಟ್ಟು 64.8 ಕೋಟಿ ಯೂರೊ ದಂಡ ಹಾಕಿದಾಗ ಅದಕ್ಕೆ ಪೂರಾ ಮಾಫಿ ಸಿಕ್ಕಿತು. ತೈವಾನಿನ ಎಯುಒ ಕಂಪನಿಯ ಅಧಿಕಾರಿಗಳು ಅಮೆರಿಕದಲ್ಲಿ ಜೈಲು ಕಂಡರು.

ಇನ್ನು ವಿಭಾಗ ಪ್ರಕರಣ. ಆಸ್ತಿಯ ಹಕ್ಕು ಮಗನಿಗೆ ಹುಟ್ಟುತ್ತಲೇ ಬರುತ್ತದೆ ಎಂದು ಮಿತಾಕ್ಷರ ಹೇಳುತ್ತದೆ. ತಂದೆ ಸತ್ತ ಮೇಲೆ ಮಾತ್ರ ಎಂದು ಬಂಗಾಳದ ಜೀಮೂತವಾಹನನ ದಾಯಭಾಗ ಹೇಳುತ್ತದೆ. ಪೂರ್ವ ಏಷ್ಯಾದ ಜಗಳಕ್ಕೆಲ್ಲ ಕಾರಣ ಇದೇ: ಕೊರಿಯ ಮಿತಾಕ್ಷರದ ಪ್ರಕಾರ ಪಾಲು ಕೇಳುತ್ತದೆ, ಜಪಾನ್ ದಾಯಭಾಗದ ಪ್ರಕಾರ ‘ನಾನಿನ್ನೂ ಬದುಕಿದ್ದೇನೆ’ ಎನ್ನುತ್ತದೆ. ಬದುಕಿದ್ದೇನೆ ಎಂದು ತೋರಿಸಲು ಅದು ಆರಿಸಿಕೊಂಡದ್ದು 2019ರ ಜುಲೈ 4. ವಸಾಹತು ಕಾಲದಲ್ಲಿ ಬಲವಂತವಾಗಿ ದುಡಿಸಿಕೊಂಡವರಿಗೆ ನಿಪ್ಪಾನ್ ಸ್ಟೀಲ್ ಪರಿಹಾರ ಕೊಡಬೇಕೆಂದು ಕೊರಿಯದ ಸರ್ವೋಚ್ಚ ನ್ಯಾಯಾಲಯ ಹಿಂದಿನ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತ್ತು. ಜಪಾನ್ ಮೂರು ರಾಸಾಯನಿಕಗಳ ರಫ್ತನ್ನು ಬಿಗಿಗೊಳಿಸಿತು: ಚಿಪ್ ಮೇಲೆ ಗೆರೆ ಮೂಡಿಸುವ ಫೋಟೊರೆಸಿಸ್ಟ್, ಅದನ್ನು ಕೊರೆದು ತೊಳೆಯುವ ಹೈಡ್ರೋಜನ್ ಫ್ಲೋರೈಡ್, ಪರದೆಗೆ ಬೇಕಾದ ಫ್ಲೋರಿನೇಟೆಡ್ ಪಾಲಿಮೈಡ್. ಚಿಪ್‌ನಲ್ಲಿ ಸೋತ ಮನೆಯೇ ಚಿಪ್ ಮಾಡಲು ಬೇಕಾದ ನೀರು, ಉಪ್ಪು, ಸೌದೆಗಳ ಒಡೆತನ ಇಟ್ಟುಕೊಂಡಿತ್ತು ಎಂಬುದು ಆ ದಿನ ಪೇಟೆಯಲ್ಲಿ ಎಲ್ಲರಿಗೂ ತಿಳಿಯಿತು.

ಕೊರಿಯದ ಜನ ಜಪಾನಿನ ಬಟ್ಟೆಯಂಗಡಿಗೆ, ಪ್ರವಾಸಕ್ಕೆ, ಬಿಯರಿಗೆ ಬಹಿಷ್ಕಾರ ಹಾಕಿದರು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಜಪಾನಿನಿಂದ ಕೊರಿಯಕ್ಕೆ ಹೋದ ಬಿಯರ್‌ನ ಲೆಕ್ಕ ಸೊನ್ನೆ. ಕೊರಿಯದ ಕಂಪನಿಗಳು ಹೈಡ್ರೋಜನ್ ಫ್ಲೋರೈಡನ್ನು ತಾವೇ ಮಾಡಲು ಕಲಿತವು. ಜಪಾನಿನ ರಾಸಾಯನಿಕ ಕಂಪನಿಗಳು ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡು ಸರ್ಕಾರದ ಮುಖ ನೋಡಿದವು. 2023ರ ಮಾರ್ಚ್‌ನಲ್ಲಿ ಜಪಾನ್ ಬಿಗಿಯನ್ನು ಸಡಿಲಿಸಿತು. ಮಗನ ಉಪ್ಪು ನಿಲ್ಲಿಸಿದ ತಂದೆ ಮಗನಿಗೆ ಉಪ್ಪು ಮಾಡಲು ಕಲಿಸಿದಂತಾಯಿತು. ಮೂಲಸೂತ್ರಕ್ಕೆ ಇದು ಇನ್ನೊಂದು ನಿದರ್ಶನ.

ಹನ್ನೆರಡು ಬಗೆಯ ಮಕ್ಕಳನ್ನು ಎಣಿಸಿದ ಶಾಸ್ತ್ರ ತಾಯಂದಿರನ್ನು ವರ್ಗೀಕರಿಸುವ ಗೋಜಿಗೆ ಹೋಗಲಿಲ್ಲ. ಈ ಒಂದು ವಿಷಯದಲ್ಲಿ ಕೈಗಾರಿಕಾ ಇತಿಹಾಸವೂ ಸ್ಮೃತಿಯನ್ನು ಚಾಚೂ ತಪ್ಪದೆ ಪಾಲಿಸಿದೆ. 1966ರಲ್ಲಿ ತೈವಾನಿನ ಕಾವ್‌ಶಿಯುಂಗ್‌ನಲ್ಲಿ, 1970ರಲ್ಲಿ ಕೊರಿಯದ ಮಸಾನ್‌ನಲ್ಲಿ ರಫ್ತು ವಲಯಗಳು ತೆರೆದಾಗ ಬಿಡಿಭಾಗ ಜೋಡಿಸಲು ಕೂತವರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದ ಹದಿಹರೆಯದ ಹುಡುಗಿಯರು. ತೈವಾನಿಗೆ ಬೀಜ ಕೊಟ್ಟ ಆರ್‌ಸಿಎ ತಾವ್‌ಯುವಾನ್‌ನ ತನ್ನ ಕಾರ್ಖಾನೆಯ ಅಂತರ್ಜಲಕ್ಕೆ ವಿಷವನ್ನೂ ಬಿಟ್ಟು ಹೋಯಿತು. ಅಲ್ಲಿ ದುಡಿದು ಕ್ಯಾನ್ಸರ್ ಬಂದ ಹೆಂಗಸರು ದಶಕಗಳ ಕಾಲ ಕೋರ್ಟು ಅಲೆದರು. ಗಿಹೂಂಗ್‌ನ ಚಿಪ್ ಕಾರ್ಖಾನೆಯಲ್ಲಿ ದುಡಿದ ಯುವತಿಯೊಬ್ಬಳು 2007ರಲ್ಲಿ ರಕ್ತಕ್ಯಾನ್ಸರಿಗೆ ಬಲಿಯಾದಳು. ಟ್ಯಾಕ್ಸಿ ಓಡಿಸುತ್ತಿದ್ದ ಅವಳ ತಂದೆ ಹನ್ನೊಂದು ವರ್ಷ ಬಡಿದಾಡಿದ ಮೇಲೆ, 2018ರ ನವೆಂಬರ್‌ನಲ್ಲಿ, ಸ್ಯಾಮ್‌ಸಂಗ್ ಬಹಿರಂಗವಾಗಿ ಕ್ಷಮೆ ಕೇಳಿ ಪರಿಹಾರಕ್ಕೆ ಒಪ್ಪಿತು. ಮೂರು ಮನೆಗಳ ಪೈಪೋಟಿಯಲ್ಲಿ ಯಾರು ಮುಂದು ಎಂದು ಅಳೆಯುವ ಯಾವ ಪಟ್ಟಿಯಲ್ಲೂ ಈ ಅಂಕಣ ಇಲ್ಲ.

ಅಳೆಯುವ ಪಟ್ಟಿಯ ವಿಚಾರವೇ ಬೇರೆ. 2024ರ ಜೂನ್‌ನಲ್ಲಿ ಕೊರಿಯದ ಕೇಂದ್ರ ಬ್ಯಾಂಕು ಲೆಕ್ಕದ ಮೂಲವರ್ಷವನ್ನು 2015ರಿಂದ 2020ಕ್ಕೆ ಬದಲಿಸಿತು. ಬದಲಿಸಿ ನೋಡಿದರೆ, 2023ರಲ್ಲಿ ಕೊರಿಯದವನ ತಲಾ ಆದಾಯ 36,194 ಡಾಲರ್, ಜಪಾನಿನವನದು 35,793. ಹಿರಿಯಣ್ಣನನ್ನು ಮೊದಲ ಸಲ ದಾಟಿದ್ದು ಹೀಗೆ, ಮುಗಿದುಹೋದ ವರ್ಷದಲ್ಲಿ, ಯಾರಿಗೂ ಗೊತ್ತಾಗದಂತೆ. ಯೆನ್ ಆಗ ಪಾತಾಳದಲ್ಲಿತ್ತು ಎಂದು ಜಪಾನಿನವರು ಹೇಳಿಕೊಂಡರು, ಅದೂ ನಿಜವೇ.

ಉಳಿದದ್ದು ಕ್ರೀತ, ದುಡ್ಡು ಕೊಟ್ಟು ಕೊಂಡ ಮಗ. ಪಟ್ಟಿಯಲ್ಲಿ ಅವನದು ಎಂಟನೆಯ ಸ್ಥಾನ. ಹಿಂದಿನವರು ಯಾರೂ ಇಲ್ಲದಿದ್ದರೆ ಮಾತ್ರ ಅವನ ಸರದಿ ಬರುತ್ತದೆ, ಬರಲಿಕ್ಕಿಲ್ಲ ಎಂದು ಕೊರಿಯದವರು ನಂಬಿದ್ದರು. ಹ್ಯುಂಡೈ ಗುಂಪಿನ ಎಲ್‌ಸಿಡಿ ವಿಭಾಗ ಹೈಡಿಸ್ ಹಣದ ಮುಗ್ಗಟ್ಟಿಗೆ ಸಿಕ್ಕಿತು. 2003ರಲ್ಲಿ ಚೀನದ ಬಿಒಇ ಕಂಪನಿ 38 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಸಾಲ ತೀರಿಸಲು ಮಾರಿದ ಹಳೆಯ ಸಾಮಾನಿನ ಹಾಗೆ ಎಲ್ಲರೂ ಅದನ್ನು ಕಂಡರು. ಹೈಡಿಸ್ ಮೂರು ವರ್ಷದಲ್ಲಿ ಮುಳುಗಿತು, ಉಳಿದ ಅಸ್ಥಿಪಂಜರವನ್ನು ತೈವಾನಿನವರು ಕೊಂಡರು. ವಿದ್ಯೆ ಅಷ್ಟರಲ್ಲಿ ಬೀಜಿಂಗ್ ಸೇರಿಯಾಗಿತ್ತು. ಬಿಒಇ ಈಗ ಲೋಕದಲ್ಲೇ ಅತಿ ಹೆಚ್ಚು ಎಲ್‌ಸಿಡಿ ಪರದೆ ಮಾಡುವ ಕಂಪನಿ. ಸ್ಯಾಮ್‌ಸಂಗ್ 2022ರಲ್ಲಿ ಎಲ್‌ಸಿಡಿ ತಯಾರಿಕೆಯನ್ನೇ ನಿಲ್ಲಿಸಿತು.